ಮನೆ ಮುಂದೆ ಜಲ್ಲಿ ದಾರಿ, ದಿನಾ ಓಡಿಸೋದು ಬೈಕು: ಟೈರ್ ಬದಲಿಸೋದಾ, ಗಾಡಿ ಬದಲಿಸೋದಾ, ದಾರಿಯನ್ನೇ ಬದಲಿಸೋದಾ?

ಪ್ರಶ್ನೆ ಒಂದೇ, ಕೇಳುವ ಬಗೆ ಬೇರೆ ಬೇರೆ. ಚನ್ನಗಿರಿ ಕಡೆಯ ಅಡಿಕೆ ತೋಟದವರೊಬ್ಬರು, "ಸಾರ್, ಟಾರ್ ರೋಡಿಂದ ಮನೆತನಕ ಜಲ್ಲಿ ಹೊಡ್ಸಿದೀವಿ. ಅಪ್ಪಾಜಿ ಸ್ಕೂಟ್ರಲ್ಲಿ ಬಿದ್ದು ಮೊಣಕೈ ತರಚ್ಕೊಂಡ್ರು. ಬಟನ್ ಟೈರ್ ಹಾಕ್ಸಿದ್ರೆ ಸರಿಹೋಗ್ತದಾ?" ಅಂದರು. ಬಟನ್ ಟೈರ್ ಅಂದರೆ ಮೈತುಂಬ ದಪ್ಪ ಗುಂಡಿಗಳಿರುವ, ಮಣ್ಣುದಾರಿಯ ಟೈರು. ದಾವಣಗೆರೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಹುಡುಗನೊಬ್ಬ, ಗೇಟಿನ ಒಳಗೆ ಅಂದಕ್ಕೆಂದು ಬಿಳಿ ಪೆಬಲ್ಸ್ ಸುರಿಸಿಕೊಂಡು, ಈಗ ಅದರ ಮೇಲೆ ಓಡಿಸಲು ರಾಯಲ್ ಎನ್‌ಫೀಲ್ಡ್‌ನ ಎತ್ತರದ ಬೈಕು ಹಿಮಾಲಯನ್ ತಗೊಳ್ಳುವ ಯೋಚನೆಯಲ್ಲಿದ್ದಾನೆ. ಹಿರಿಯೂರು ಕಡೆಯವರ ಮಾತು ನೇರ: "ಕಾಂಕ್ರೀಟ್ ಹಾಕ್ಸೋಷ್ಟು ದುಡ್ಡಿಲ್ಲ ಅಣ್ಣಾ, ಕಡಿಮೇಲಿ ಏನಾಗುತ್ತೆ ಹೇಳಿ."

ಮೂವರಿಗೂ ಬೇಕಾದ ಉತ್ತರ ಒಂದೇ. ಇರುವ ದುಡ್ಡನ್ನು ಟೈರಿಗೆ ಹಾಕಬೇಕೋ, ಗಾಡಿಗೋ, ದಾರಿಗೋ, ಅಥವಾ ಎಲ್ಲಿಗೂ ಹಾಕದೆ ಓಡಿಸುವ ರೀತಿಯನ್ನೇ ತಿದ್ದಿಕೊಂಡರೆ ಸಾಕೋ. ನನ್ನ ಒಲವು ಯಾವ ಕಡೆಗೆಂದು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಮನೆಗಳಲ್ಲಿ ಕೆಲಸಕ್ಕೆ ಬರುವುದು ದಾರಿಯ ರಿಪೇರಿ. ಅದೂ ಪೂರ್ತಿ ದಾರಿಯದ್ದಲ್ಲ, ಎರಡು ಮೂರು ಜಾಗದ್ದು. ಟೈರು ಆಮೇಲೆ, ಹೊಸ ಗಾಡಿ ಎಲ್ಲಕ್ಕಿಂತ ಕೊನೆಗೆ. ಆದರೆ ಎಲ್ಲರಿಗೂ ಇದೇ ಸರಿ ಅಂತಲ್ಲ, ಹಾಗಾಗಿ ಮೊದಲು ಅಳತೆಗೋಲು ಇಟ್ಟುಕೊಳ್ಳೋಣ.

ಮೊದಲು ದಾರಿಯನ್ನು ನಡೆದು ನೋಡಿ

ಗಾಡಿ ಬಿಟ್ಟು ಕಾಲ್ನಡಿಗೆಯಲ್ಲಿ ಹೋಗಿ. ಮೊದಲು ನೋಡಬೇಕಾದ್ದು ಕಲ್ಲಿನ ಆಕಾರ. ಕಲ್ಲು ಒಡೆಯುವ ಕ್ರಷರ್‌ನಿಂದ ಬಂದ ಜಲ್ಲಿಗೆ ಮೂಲೆಗಳಿರುತ್ತವೆ, ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವೆ. ಹೊಳೆಗಲ್ಲು, ಪಾಲಿಶ್ ಪೆಬಲ್ಸ್ ಗುಂಡಗಿರುತ್ತವೆ, ಎಷ್ಟು ತುಳಿದರೂ ಕೂರುವುದಿಲ್ಲ. ಮೆಕ್ಕೆಜೋಳ ಕೊಯ್ಲಾದ ಮೇಲೆ ನಮ್ಮ ಕಡೆ ರಸ್ತೆ ಮೇಲೆ ಕಾಳು ಒಣಹಾಕಿರುತ್ತಾರಲ್ಲ, ಅದರ ಮೇಲೆ ಗಾಡಿ ಓಡಿಸಿದವರಿಗೆ ಪೆಬಲ್ಸ್ ಹೇಗೆ ಅಂತ ಬೇರೆ ಹೇಳಬೇಕಿಲ್ಲ.

ಎರಡನೆಯದು ಆಳ. ಶೂ ಹಿಮ್ಮಡಿ ಊರಿ ಒಮ್ಮೆ ತಿರುಚಿ. ಕೆಳಗಿನ ಗಟ್ಟಿ ನೆಲ ತಕ್ಷಣ ಸಿಕ್ಕರೆ ಸಡಿಲ ಪದರ ತೆಳುವಾಗಿದೆ, ಓಡಿಸಲು ಭಯವಿಲ್ಲ. ಹಿಮ್ಮಡಿ ಪೂರ್ತಿ ಹೂತುಹೋಗಿ ಅತ್ತಿತ್ತ ಜಾರಿದರೆ ಎರಡು ಮೂರು ಇಂಚು ಸಡಿಲವಿದೆ ಎಂದರ್ಥ, ಮುಂದಿನ ಚಕ್ರಕ್ಕೂ ಅಲ್ಲಿ ಅದೇ ಗತಿ. ಜಲ್ಲಿ ಹೆಚ್ಚು ಸುರಿದಷ್ಟೂ ದಾರಿ ಗಟ್ಟಿ ಎಂದು ತಿಳಿದವರು ಬಹಳ. ಬೈಕಿನ ಲೆಕ್ಕದಲ್ಲಿ ಅದು ಉಲ್ಟಾ.

ಮೂರನೆಯದು ಕೆಳಗಿನ ಮಣ್ಣು. ಭದ್ರಾ ನಾಲೆಯ ನೀರು ಕಂಡ ದಾವಣಗೆರೆ, ಹರಿಹರ ಕಡೆಯ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಜಲ್ಲಿ ಸುರಿದರೆ ಮುಂಗಾರು ಮುಗಿಯುವಷ್ಟರಲ್ಲಿ ಅರ್ಧ ಮಣ್ಣಿನೊಳಗೆ ಇಳಿದಿರುತ್ತದೆ. ಚಳ್ಳಕೆರೆ, ಹಿರಿಯೂರಿನ ಮಸಾರಿ ನೆಲದಲ್ಲಿ ಈ ತೊಂದರೆ ಕಡಿಮೆ, ಮಳೆಯೂ ಕಡಿಮೆ. ಅಲ್ಲಿ ಕಾಟ ಕೊಡುವುದು ಧೂಳು, ಮತ್ತು ಪುಡಿಯೆಲ್ಲ ಗಾಳಿಗೆ ಹಾರಿ ಬರೀ ಕಲ್ಲು ಉಳಿದುಬಿಡುವುದು.

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ: ಆ ದಾರಿಯಲ್ಲಿ ಓಡಾಡುವವರಲ್ಲಿ ಎಲ್ಲರಿಗಿಂತ ಅಳುಕುವವರು ಯಾರು? ಮನೆಯ ಹುಡುಗನಿಗೆ ಜಲ್ಲಿ ಒಂದು ಆಟ. ಅವರಮ್ಮ ಹಾಲಿನ ಕ್ಯಾನು ಮುಂದಿಟ್ಟುಕೊಂಡು ಸ್ಕೂಟರ್‌ನಲ್ಲಿ ಬರುವವರು, ಅಪ್ಪನಿಗೆ ಮಂಡಿ ನೋವು. ದಾರಿಯನ್ನು ಅಳೆಯಬೇಕಾದ್ದು ಅವರಿಬ್ಬರ ಲೆಕ್ಕದಲ್ಲಿ.

ಐದು, ಉಳಿದ ಓಡಾಟ. ಜಲ್ಲಿಯ ಮೇಲೆ ನೂರು ಅಡಿ, ಆಮೇಲೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹರಿಹರದವರೆಗೆ ಡಾಂಬರು ಅನ್ನುವವರು ನೂರು ಅಡಿಗೋಸ್ಕರ ಗಾಡಿ ಆರಿಸಿಕೊಂಡರೆ ಉಳಿದ ಅಷ್ಟೂ ದೂರಕ್ಕೆ ದಂಡ ಕಟ್ಟಿದ ಹಾಗೆ. ತೋಟ, ಹೊಲ, ಕೆರೆ ಏರಿ ಎಂದು ದಿನಪೂರ್ತಿ ಮಣ್ಣುದಾರಿಯಲ್ಲೇ ಇರುವವರದು ಬೇರೆ ಕಥೆ.

ಇನ್ನೊಂದು ವಿಷಯ ಗಮನಿಸಿ. ಜಲ್ಲಿ ದಾರಿಯಲ್ಲಿ ಜನ ಬೀಳುವುದು ನೇರ ಓಟದಲ್ಲಿ ಅಲ್ಲ. ಡಾಂಬರು ಬಿಟ್ಟು ಒಳಗೆ ತಿರುಗುವ ಬಾಯಿ, ನಡುವಿನ ತಿರುವು, ಮನೆ ಮುಂದೆ ಗಾಡಿ ತಿರುಗಿಸಿ ನಿಲ್ಲಿಸುವ ಜಾಗ, ಬೀಳುವುದು ಈ ಮೂರು ಕಡೆ. ಮೂರರಲ್ಲೂ ವೇಗ ಕಡಿಮೆ, ಹ್ಯಾಂಡಲ್ ತಿರುಗಿರುತ್ತದೆ, ಕೈ ಬ್ರೇಕಿನ ಮೇಲಿರುತ್ತದೆ. ಮುಂದೆ ಹೇಳುವುದೆಲ್ಲ ಈ ಮೂರು ಜಾಗದ ಸುತ್ತಲೇ ಇದೆ.

ಖರ್ಚಿಲ್ಲದ ಆಯ್ಕೆ: ಓಡಿಸುವ ರೀತಿ

ಸಡಿಲ ಪದರ ತೆಳುವಾಗಿದ್ದು, ಓಡಿಸುವವರೆಲ್ಲ ಗಟ್ಟಿ ಆಳುಗಳಾಗಿದ್ದರೆ ಇಷ್ಟೇ ಸಾಕು. ಡಾಂಬರಿನ ಮೇಲೆ ಇರುವಾಗಲೇ ವೇಗ ಇಳಿಸಿ, ಎರಡನೇ ಗೇರಿಗೆ ಬಂದು, ಗಾಡಿಯನ್ನು ನೆಟ್ಟಗೆ ಇಟ್ಟುಕೊಂಡು ಒಳಗೆ ಬನ್ನಿ. ಜಲ್ಲಿಯ ಮೇಲೆ ಬಂದ ಮೇಲೆ ಬ್ರೇಕ್ ಹಿಡಿಯುವುದೇ ತಪ್ಪು, ಮುಂದಿನ ಬ್ರೇಕಂತೂ ಬೇಡವೇ ಬೇಡ. ಹ್ಯಾಂಡಲ್ ಅತ್ತಿತ್ತ ತೂಗುತ್ತದೆ, ತೂಗಲಿ. ಅದನ್ನು ಬಿಗಿಹಿಡಿದು ಸರಿಪಡಿಸಲು ಹೋದಾಗಲೇ ಚಕ್ರ ಅಡ್ಡ ತಿರುಗುವುದು. ಸಣ್ಣಗೆ, ಒಂದೇ ಸಮನೆ ಆಕ್ಸಿಲರೇಟರ್ ಕೊಟ್ಟಿರಿ. ಕಣ್ಣು ಚಕ್ರದ ಬುಡದಲ್ಲಿ ಬೇಡ, ಹೋಗಿ ನಿಲ್ಲಬೇಕಾದ ಕಡೆ ಇರಲಿ.

ಕಾರು, ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ ಎರಡು ಗಾಲಿ ಜಾಡು ಗಟ್ಟಿಯಾಗಿ, ಕಲ್ಲೆಲ್ಲ ನಡುವೆ ದಿಬ್ಬವಾಗಿ ಸೇರಿರುತ್ತದೆ. ಒಂದು ಜಾಡು ಹಿಡಿದರೆ ಅದರಲ್ಲೇ ಹೋಗಿ. ದಿಬ್ಬ ದಾಟಲೇಬೇಕಾದರೆ ಓರೆಯಾಗಿ ಸವರಿಕೊಂಡು ಹೋಗಬೇಡಿ, ಆದಷ್ಟು ನೇರವಾಗಿ ಅಡ್ಡ ದಾಟಿ. ಹಿಂದೆ ಕೂತವರು ದಾರಿಯ ಬಾಯಲ್ಲೇ ಇಳಿದು ನಡೆದು ಬಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಸೈಡ್ ಸ್ಟ್ಯಾಂಡ್ ಬಗ್ಗೆ ಒಂದು ಮಾತು. ಜಲ್ಲಿಯಲ್ಲಿ ಅದು ನಿಧಾನಕ್ಕೆ ಹೂತುಕೊಳ್ಳುತ್ತದೆ, ನೀವು ಒಳಗೆ ಕಾಫಿ ಕುಡಿಯುತ್ತಿರುವಾಗ ಗಾಡಿ ಮಲಗಿರುತ್ತದೆ. ನಿಲ್ಲಿಸುವ ಜಾಗದಲ್ಲಿ ಒಂದು ಚಪ್ಪಡಿ ತುಂಡು ಹೂತಿಟ್ಟರೆ ಮುಗಿಯಿತು. ಹವಾಯಿ ಚಪ್ಪಲಿ ಹಾಕಿಕೊಂಡು ಜಲ್ಲಿಯಲ್ಲಿ ಕಾಲೂರಬೇಡಿ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಈ ಆಯ್ಕೆಯ ಕೊರತೆ ಏನೆಂದರೆ, ಅದು ಕಲಿತವರಿಗೆ ಮಾತ್ರ. ಮನೆಗೆ ಬರುವ ನೆಂಟರಿಗೆ, ಗ್ಯಾಸ್ ಸಿಲಿಂಡರ್ ತರುವವರಿಗೆ ನೀವು ಪಾಠ ಹೇಳಿಕೊಡಲು ಆಗುವುದಿಲ್ಲ.

ಟೈರು: ಅಂಗಡಿಯವರು ಹೇಳುವಷ್ಟಲ್ಲ, ಸುಳ್ಳೂ ಅಲ್ಲ

ಟೈರಿನ ಮಿತಿ ತಿಳಿಯಬೇಕಾದರೆ ಚಕ್ರದ ಕೆಳಗೆ ಏನು ನಡೆಯುತ್ತದೆ ಎಂದು ನೋಡಬೇಕು. ಸಡಿಲ ಜಲ್ಲಿಯಲ್ಲಿ ಟೈರು ಕಲ್ಲನ್ನು ಹಿಡಿದೇ ಇರುತ್ತದೆ. ಆದರೆ ಆ ಕಲ್ಲು ನೆಲವನ್ನು ಹಿಡಿದಿರುವುದಿಲ್ಲ, ಟೈರಿನ ಜೊತೆಗೇ ಜಾರುತ್ತದೆ. ಬಟನ್ ಟೈರಿನ ದಪ್ಪ ಗುಂಡಿಗಳು ತೆಳು ಪದರವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ತಾಗಿದರೆ ಲಾಭ. ನಾಲ್ಕು ಇಂಚು ಬರೀ 20 ಎಂಎಂ ಜಲ್ಲಿ ತುಂಬಿದ್ದರೆ ತಾಗಲು ನೆಲವೇ ಇಲ್ಲ. ಪೆಬಲ್ಸ್ ಮೇಲಂತೂ ಯಾವ ಟೈರು ಹಾಕಿದರೂ ಅಷ್ಟೇ.

ಹಾಗಾಗಿ ತೆಳು ಜಲ್ಲಿ ಹಾಗೂ ಮಣ್ಣು ಸೇರಿದ ದಾರಿ, ಮಳೆಗಾಲದ ಕೆಸರು, ಹೊಲದ ಬದು, ಇಂಥ ಕಡೆ ಓಡಾಡುವವರಿಗೆ ಬಟನ್ ಟೈರಿನಿಂದ ಉಪಯೋಗ ನಿಜಕ್ಕೂ ಇದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಡಾಂಬರಿನಲ್ಲಿ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯ ತಿರುವಿನಲ್ಲಿ ಮಾಮೂಲಿ ಟೈರಿನಷ್ಟು ಹಿಡಿತ ಕೊಡುವುದಿಲ್ಲ. ದಿನಾ ಹೆದ್ದಾರಿಯಲ್ಲಿ ಹೋಗುವವರಿಗೆ ಪೂರ್ತಿ ಬಟನ್ ಬೇಡ. ರಸ್ತೆ, ಮಣ್ಣು ಎರಡಕ್ಕೂ ಆಗುವ ನಡುಮಟ್ಟದ ಟೈರು ನಿಮ್ಮ ಗಾಡಿಯ ಅಳತೆಯಲ್ಲಿ ಸಿಗುತ್ತದೆಯೇ ಎಂದು ಕೇಳಿ. ಸ್ಪ್ಲೆಂಡರ್‌ನಂಥ 18 ಇಂಚಿನ ಚಕ್ರದ ಗಾಡಿಗೆ ಆಯ್ಕೆ ಇರುತ್ತದೆ, 10 ಮತ್ತು 12 ಇಂಚಿನ ಸ್ಕೂಟರ್ ಚಕ್ರಕ್ಕೆ ತೀರಾ ಕಡಿಮೆ. ಚನ್ನಗಿರಿಯ ಅಪ್ಪಾಜಿಯವರ ಸ್ಕೂಟರ್‌ಗೆ ಟೈರು ಉತ್ತರವಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಒಂದೇ ಟೈರಿಗೆ ದುಡ್ಡಿದ್ದರೆ ಮುಂದಿನದಕ್ಕೆ ಹಾಕಿ. ಹೆಚ್ಚಿನವರು ಹಿಂದಿನದನ್ನು ಬದಲಿಸುತ್ತಾರೆ, ಯಾಕೆಂದರೆ ಸವೆಯುವುದು ಅದೇ. ಹಿಂದಿನ ಚಕ್ರ ಜಾರಿದರೆ ಗಾಡಿ ಬಾಲ ಅಲ್ಲಾಡಿಸಿ ಸುಮ್ಮನಾಗುತ್ತದೆ. ಮುಂದಿನದು ಜಾರಿದರೆ ನೀವು ನೆಲದ ಮೇಲೆ.

ಗಾಳಿ ಇಳಿಸುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಕೂರುತ್ತದೆ, ಹಿಡಿತ ಸ್ವಲ್ಪ ಹೆಚ್ಚುತ್ತದೆ, ಅದು ಸರಿಯೇ. ಆದರೆ ಅದೇ ಗಾಳಿಯಲ್ಲಿ ಹೆದ್ದಾರಿಗೆ ಹೋದರೆ ಟೈರು ಕಾಯುತ್ತದೆ. ಟ್ಯೂಬ್ ಇರುವ ಗಾಡಿಯಲ್ಲಿ ಗುಂಡಿಗೆ ಬಿದ್ದಾಗ ರಿಮ್ಮಿನ ಅಂಚು ಟ್ಯೂಬನ್ನು ಕಚ್ಚಿ ಪಂಕ್ಚರ್ ಆಗುತ್ತದೆ. ದಿನಪೂರ್ತಿ ತೋಟದಲ್ಲೇ ಇರುವ ಗಾಡಿಗೆ ಎರಡು ಮೂರು ಪಿಎಸ್ಐ ಇಳಿಸಿ, ಮಿಕ್ಕವರು ಗಾಡಿಯ ಮೇಲೆ ಅಂಟಿಸಿದ ಸ್ಟಿಕ್ಕರ್ ಹೇಳಿದಷ್ಟೇ ಇಟ್ಟುಕೊಳ್ಳಿ. ಇನ್ನು ಬೋಳು ಟೈರು ಹಾಕಿಕೊಂಡು ಜಲ್ಲಿಯನ್ನು ಬೈಯುವವರು ಮೊದಲು ಮಾಮೂಲಿ ಹೊಸ ಟೈರು ಹಾಕಿಸಿ ನೋಡಿ. ಅರ್ಧ ತೊಂದರೆ ಅಲ್ಲೇ ತೀರಬಹುದು.

ಗಾಡಿ: ಎತ್ತರವೂ ಒಂದು ಅಪಾಯ

ಜಲ್ಲಿ ಅಂದ ಕೂಡಲೇ ಎಲ್ಲರ ಬಾಯಲ್ಲಿ ಹೀರೊ ಕಂಪನಿಯ ಎಕ್ಸ್‌ಪಲ್ಸ್, ಇಲ್ಲವೇ ಹಿಮಾಲಯನ್. ಎರಡಕ್ಕೂ ಮುಂದಿನ ಚಕ್ರ 21 ಇಂಚು. ದೊಡ್ಡ ಚಕ್ರ ಕಲ್ಲಿನ ಮೇಲೆ ಹತ್ತಿ ಹೋಗುತ್ತದೆ, ಸಣ್ಣದು ಕಲ್ಲನ್ನು ತಳ್ಳುತ್ತದೆ, ಹೂತುಕೊಳ್ಳುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಎರಡರ ಸೀಟೂ ಸುಮಾರು 825 ಎಂಎಂ ಎತ್ತರ, ಹಿಮಾಲಯನ್ 450 ತೂಕ 196 ಕೆ.ಜಿ. ಐದಡಿ ನಾಲ್ಕೈದು ಇಂಚಿನವರು ಅದರ ಮೇಲೆ ಕೂತರೆ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ. ಮನೆ ಮುಂದೆ ಗಾಡಿ ತಿರುಗಿಸಿ ನಿಲ್ಲಿಸುವಾಗ ಆ ತುದಿಯ ಕೆಳಗಿನ ಜಲ್ಲಿ ಸರಿದರೆ ಸುಮಾರು ಎರಡು ಕ್ವಿಂಟಲ್ ಗಾಡಿಯನ್ನು ಹಿಡಿದು ನಿಲ್ಲಿಸುವುದು ಆಗದ ಮಾತು. ಜನ ಬೀಳುವುದು ನಿಲ್ಲಿಸುವ ಜಾಗದಲ್ಲಿ ಅಂದೆನಲ್ಲ, ಅಲ್ಲಿ ಕೆಲಸಕ್ಕೆ ಬರುವುದು ಗ್ರೌಂಡ್ ಕ್ಲಿಯರೆನ್ಸ್ ಅಲ್ಲ, ಎರಡೂ ಪಾದ ಪೂರ್ತಿ ನೆಲಕ್ಕೆ ಊರುವುದು.

ಆ ಲೆಕ್ಕದಲ್ಲಿ ಸ್ಪ್ಲೆಂಡರ್‌ನಂಥ ಬಡಪಾಯಿ ಗಾಡಿಯೇ ವಾಸಿ. ತೂಕ 112 ಕೆ.ಜಿ., ಸೀಟು 785 ಎಂಎಂ, ಎರಡೂ ಚಕ್ರ 18 ಇಂಚು. ಚಕ್ರ ತೆಳ್ಳಗಿರುವುದರಿಂದ ಆಳ ಜಲ್ಲಿಯಲ್ಲಿ ಹೂತುಕೊಳ್ಳುತ್ತದೆ ನಿಜ, ಆದರೆ ಹೂತಾಗ ಇಳಿದು ತಳ್ಳಲು ಒಬ್ಬರು ಸಾಕು. ಕ್ಲಾಸಿಕ್ 350 ಇಷ್ಟಪಡುವವರಿಗೆ: ಅದರ ತೂಕವೂ 195 ಕೆ.ಜಿ. ಆಸುಪಾಸು. ಸೀಟು ತಗ್ಗಿರುವುದರಿಂದ ಕಾಲು ಊರುತ್ತದೆ, ತೂಕ ಎಂಜಿನ್ ಹತ್ತಿರ ತಳದಲ್ಲಿದೆ, ನೇರ ಓಟದಲ್ಲಿ ಜಲ್ಲಿಯ ಮೇಲೆ ಚೆನ್ನಾಗಿಯೇ ಕೂತು ಹೋಗುತ್ತದೆ. ತಿರುಗಿಸಿ ನಿಲ್ಲಿಸುವಾಗ ಮಾತ್ರ ಬೆವರು.

ಸ್ಕೂಟರ್‌ಗೆ ಎರಡು ಕೊರತೆ. ಆಕ್ಟಿವಾಕ್ಕೆ ಮುಂದೆ 12 ಇಂಚು, ಹಿಂದೆ 10 ಇಂಚಿನ ಚಕ್ರ. ಜುಪಿಟರ್‌ಗೆ ಎರಡೂ 12, ಒಂದು ಗುಲಗಂಜಿ ವಾಸಿ. ಇನ್ನೊಂದು ಕೊರತೆ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಗೇರಿನ ಬೈಕನ್ನು ಮೊದಲನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಹಿಂದಿನ ಚಕ್ರವನ್ನು ಮೆತ್ತಗೆ ತಡೆಯುತ್ತದೆ. ಸ್ಕೂಟರ್ ನಿಧಾನವಾದಾಗ ಕ್ಲಚ್ ಬಿಟ್ಟುಕೊಂಡು ಚಕ್ರ ಸಲೀಸಾಗಿ ಉರುಳುತ್ತದೆ, ಬ್ರೇಕ್ ಹಿಡಿಯದೆ ಗತಿಯಿಲ್ಲ. ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ತಿರುಚಿದ ಕ್ಷಣಕ್ಕೇ ಎಳೆತ ಬರುತ್ತದೆ, ಆದ್ದರಿಂದ ಗೇಟಿನ ಹತ್ತಿರ ಇಕೋ ಮೋಡ್‌ಗೆ ಹಾಕಿಕೊಳ್ಳುವ ಅಭ್ಯಾಸ ಒಳ್ಳೆಯದು.

ಬ್ರೇಕಿನ ವಿಷಯ ಗೊತ್ತಿರಲಿ. 2019ರ ಏಪ್ರಿಲ್‌ನಿಂದ ಮಾರಾಟವಾಗುವ ಗಾಡಿಗಳಲ್ಲಿ 125 ಸಿಸಿಗಿಂತ ಮೇಲಿನವಕ್ಕೆ ಎಬಿಎಸ್, 125 ಮತ್ತು ಅದಕ್ಕಿಂತ ಕೆಳಗಿನವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯ. ಸಿಬಿಎಸ್ ಅಂದರೆ ನೀವು ಹಿಂದಿನ ಬ್ರೇಕ್ ಒತ್ತಿದರೂ ಮುಂದಿನದು ಸ್ವಲ್ಪ ಹಿಡಿಯುತ್ತದೆ. ಡಾಂಬರಿನಲ್ಲಿ ಇದು ವರ. ಜಲ್ಲಿಯಲ್ಲಿ ವಾಲಿ ತಿರುಗುತ್ತಿರುವಾಗ "ನಾನು ಹಿಂದಿನದನ್ನಷ್ಟೇ ಒತ್ತಿದೆ" ಎಂಬ ಧೈರ್ಯ ಬೇಡ. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಗಾಡಿ ಮಗುಚುವ ಭಯ ಕಡಿಮೆಯಾಗುತ್ತದೆ. ಆದರೆ ಸಡಿಲ ಕಲ್ಲಿನಲ್ಲಿ ನಿಲ್ಲುವ ದೂರ ಹೆಚ್ಚುತ್ತದೆ, ಏಕೆಂದರೆ ಲಾಕ್ ಆದ ಚಕ್ರ ಮುಂದೆ ಕಲ್ಲಿನ ಗುಡ್ಡೆ ಕಟ್ಟಿಕೊಂಡು ನಿಲ್ಲುತ್ತದೆ, ಉರುಳುವ ಚಕ್ರಕ್ಕೆ ಆ ಗುಡ್ಡೆ ಸಿಗುವುದಿಲ್ಲ. ಹಿಮಾಲಯನ್‌ನಲ್ಲಿ ಹಿಂದಿನ ಎಬಿಎಸ್ ಆರಿಸಲು ಅವಕಾಶ ಕೊಟ್ಟಿರುವುದು ಇದಕ್ಕೇ.

ಗಾಡಿ ಕೊಳ್ಳಲೇಬೇಕು ಎಂದಿರುವವರಿಗೆ ನನ್ನ ಮಾತು. ವಯಸ್ಸಾದವರು, ಗೊಬ್ಬರದ ಚೀಲ, ಹಾಲಿನ ಕ್ಯಾನು ಸಾಗಿಸುವವರಿಗೆ ಟಿವಿಎಸ್ ಎಕ್ಸ್‌ಎಲ್ 100ರಂಥದ್ದನ್ನು ಮೀರಿಸಿದ್ದಿಲ್ಲ. 16 ಇಂಚಿನ ಚಕ್ರ, 90 ಕೆ.ಜಿ.ಗಿಂತ ಕಡಿಮೆ ತೂಕ, ತಗ್ಗು ಸೀಟು, ಗೇರಿನ ರಗಳೆ ಇಲ್ಲ. ಹಳ್ಳಿಗಳಲ್ಲಿ ಅದು ಇನ್ನೂ ಓಡುತ್ತಿರುವುದು ಬೆಲೆಯೊಂದರಿಂದಲೇ ಅಲ್ಲ. ಎತ್ತರವಿದ್ದು, ವಾರಕ್ಕೊಮ್ಮೆಯಾದರೂ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆಯ ಕಚ್ಚಾ ದಾರಿ ಹಿಡಿಯುವ ಚಪಲ ಇರುವವರಿಗೆ ಎಕ್ಸ್‌ಪಲ್ಸ್ ಸರಿ, ಹಿಮಾಲಯನ್‌ಗಿಂತ ಹಗುರ, ಬೆಲೆಯಲ್ಲಿ ಅರ್ಧದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 18ಕ್ಕೆ ಇಳಿದು, ಅದರ ಮೇಲಿನವಕ್ಕೆ 40 ಶೇಕಡಾ ಆಗಿರುವುದರಿಂದ ಆ ಅಂತರ ಇನ್ನೂ ಹಿಗ್ಗಿದೆ. ಬರೀ ಗೇಟಿನಿಂದ ಬಾಗಿಲವರೆಗಿನ ಪೆಬಲ್ಸ್‌ಗೋಸ್ಕರ ಹಿಮಾಲಯನ್ ಕೊಳ್ಳುವ ಹುಡುಗನಿಗೆ ಹೇಳುವುದಿಷ್ಟೇ: ಗಾಡಿ ಆಸೆಯಿಂದ ಕೊಳ್ಳು, ಪೆಬಲ್ಸ್ ನೆಪ ಹೇಳಬೇಡ. ಪೆಬಲ್ಸ್ ಬಾಚಿ ಗಿಡದ ಬುಡಕ್ಕೆ ಹಾಕಿಸಿದರೆ ಒಂದು ದಿನದ ಕೂಲಿಯಲ್ಲಿ ಮುಗಿಯುತ್ತದೆ.

ದಾರಿ: ದುಡ್ಡಿಗೆ ತಕ್ಕ ಕೆಲಸ ಇಲ್ಲಿದೆ

ಎಲ್ಲಕ್ಕಿಂತ ಅಗ್ಗದ್ದು, ಇರುವ ಜಲ್ಲಿಯನ್ನು ಕಟ್ಟುವುದು. ಒಂದೇ ಅಳತೆಯ ಜಲ್ಲಿ ಸುರಿದಾಗ ಕಲ್ಲುಗಳ ನಡುವೆ ಸುಮಾರು 40 ಶೇಕಡಾ ಜಾಗ ಖಾಲಿ ಇರುತ್ತದೆ. ಆ ಖಾಲಿಯೇ ಕಲ್ಲು ಸರಿಯಲು ದಾರಿ ಕೊಡುವುದು. ಅದನ್ನು ಕ್ರಷರ್ ಪುಡಿಯಿಂದ ತುಂಬಿ, ನೀರು ಹೊಡೆದು, ಅದುಮಿದರೆ ಅದೇ ಜಲ್ಲಿ ರಸ್ತೆಯಾಗುತ್ತದೆ. ಲೆಕ್ಕ ಸುಲಭ: 100 ಘನ ಅಡಿ ಜಲ್ಲಿಗೆ 40 ಘನ ಅಡಿ ಪುಡಿ. ಕಲ್ಲು ಪುಡಿಮಾಡಿ ತೊಳೆದ ಮರಳು, ಅಂದರೆ ಎಂ-ಸ್ಯಾಂಡ್, ತರಬೇಡಿ, ಅದರಲ್ಲಿ ನುಣ್ಣನೆ ಹಿಟ್ಟು ಹೋಗಿರುತ್ತದೆ, ಕಟ್ಟುವುದಿಲ್ಲ. ತೊಳೆಯದ ಪುಡಿಯೇ ಬೇಕು, ಅದಕ್ಕೆ ಸ್ವಲ್ಪ ಜಿಗುಟಿರುವ ಗರಸು ಮಣ್ಣು ಬೆರೆಸಿದರೆ ಇನ್ನೂ ಒಳ್ಳೆಯದು. ಮೊದಲು ಹೆಚ್ಚಿನ ಕಲ್ಲನ್ನು ಬಾಚಿ ಪಕ್ಕಕ್ಕೆ ಹಾಕಿ ಎರಡು ಇಂಚಿನಷ್ಟು ಉಳಿಸಿಕೊಳ್ಳಿ. ಟ್ರ್ಯಾಕ್ಟರ್ ಇರುವವರು ಕುಂಟೆ ಕಟ್ಟಿ ಎಳೆದರೆ ಸಮವಾಗುತ್ತದೆ. ರೋಲರ್ ಬಾಡಿಗೆಗೆ ಸಿಗದಿದ್ದರೆ ತುಂಬಿದ ಟ್ರೇಲರ್ ಹಿಂದೆ ಮುಂದೆ ಓಡಿಸಿ, ಪ್ರತಿ ಸಲ ಜಾಡು ಬದಲಿಸುತ್ತ. ಒಂದು ಹದ ಮಳೆಯಾದ ಮರುದಿನ ಈ ಕೆಲಸ ಹಿಡಿದರೆ ಟ್ಯಾಂಕರ್ ನೀರಿನ ಖರ್ಚೂ ಉಳಿಯಿತು.

ಹೊಸದಾಗಿ ಹಾಕಿಸುವವರು ಜಲ್ಲಿಯ ಬದಲು ವೆಟ್ ಮಿಕ್ಸ್ ಕೇಳಿ. ದಪ್ಪ ಕಲ್ಲಿನಿಂದ ಪುಡಿಯವರೆಗೆ ಎಲ್ಲ ಅಳತೆಯೂ ನೀರಿನೊಂದಿಗೆ ಬೆರೆತು ಬರುತ್ತದೆ, ರಸ್ತೆ ಕಂಟ್ರಾಕ್ಟರ್‌ಗಳು ಡಾಂಬರಿನ ಕೆಳಗೆ ಹಾಕುವುದು ಅದನ್ನೇ. 100 ಅಡಿ ಉದ್ದ, 8 ಅಡಿ ಅಗಲ, 4 ಇಂಚು ದಪ್ಪಕ್ಕೆ ಸುಮಾರು 267 ಘನ ಅಡಿ, ಅದುಮಿದಾಗ ಕುಗ್ಗುವುದಕ್ಕೆಂದು ಕಾಲು ಭಾಗ ಹೆಚ್ಚು ಹಿಡಿಯಿರಿ. ದರ ಕೇಳುವಾಗ "ಲೋಡಿಗೆ ಎಷ್ಟು" ಅನ್ನಬೇಡಿ, "ಲೋಡಿಗೆ ಎಷ್ಟು ಘನ ಅಡಿ" ಎಂದು ಮೊದಲು ಕೇಳಿ. ಟಿಪ್ಪರ್‌ನಿಂದ ಟಿಪ್ಪರ್‌ಗೆ ಅದು ಬದಲಾಗುತ್ತದೆ. ಕ್ರಷರ್ ದೂರವಿದ್ದರೆ ಕಲ್ಲಿಗಿಂತ ಬಾಡಿಗೆಯೇ ಹೆಚ್ಚಾಗುವುದೂ ಉಂಟು.

ಎರೆ ಭೂಮಿಯವರು ಇವೆರಡಕ್ಕೂ ಮೊದಲು ಅರ್ಧ ಅಡಿ ಗರಸು ಹಾಸಿ ಅದುಮಲೇಬೇಕು, ಇಲ್ಲದಿದ್ದರೆ ವರ್ಷ ವರ್ಷ ಜಲ್ಲಿಯನ್ನು ಭೂತಾಯಿಗೆ ಅರ್ಪಿಸುತ್ತಿರಬೇಕು. ಎರಡು ಪಕ್ಕ ಕಾಲುವೆ ಇರಲಿ, ಹತ್ತಡಿ ಅಗಲದ ದಾರಿಗೆ ನಡುವೆ ಎರಡು ಇಂಚು ಎತ್ತರವಿದ್ದರೆ ನೀರು ಹರಿದುಹೋಗುತ್ತದೆ.

ಕಟ್ಟಿದ ಜಲ್ಲಿಯ ಕೊರತೆ, ಅದಕ್ಕೆ ಪ್ರತಿ ವರ್ಷ ಒಂದು ದಿನದ ಆರೈಕೆ ಬೇಕು. ಇಳಿಜಾರಿನಲ್ಲಂತೂ ನಿಲ್ಲುವುದೇ ಇಲ್ಲ. ಹತ್ತಡಿಗೆ ಒಂದಡಿಗಿಂತ ಹೆಚ್ಚು ಏರು ಇರುವ ಕಡೆ ಕಲ್ಲು ಕೆಳಗೆ ಉರುಳಿ ಬುಡದಲ್ಲಿ ಗುಡ್ಡೆಯಾಗುತ್ತದೆ, ಸರಿಯಾಗಿ ನೀವು ಬ್ರೇಕ್ ಹಿಡಿಯುವ ಜಾಗದಲ್ಲಿ. ಅಂಥ ಕಡೆ ಕಾಂಕ್ರೀಟೇ ಆಗಬೇಕು, ಮೇಲ್ಮೈಗೆ ಪೊರಕೆಯಿಂದ ಅಡ್ಡ ಗೀರು ಎಳೆಸಿ.

ಕಾಂಕ್ರೀಟಿಗೆ ಬಂದರೆ, ಕಾರಿಗೆಂದು ಎರಡು ಪಟ್ಟಿ ಹಾಕಿಸಿ ನಡುವೆ ಜಲ್ಲಿ ತುಂಬಿಸುವುದು ಈಗ ರೂಢಿ. ಬೈಕಿನವರಿಗೆ ಅದು ಅಷ್ಟು ಒಳ್ಳೆಯದಲ್ಲ. ಜಲ್ಲಿ ಸವೆದು ಒಂದೆರಡು ಇಂಚು ತಗ್ಗಿದ ಮೇಲೆ ಪಟ್ಟಿಯ ಅಂಚು ಮೆಟ್ಟಿಲಾಗುತ್ತದೆ, ಓರೆಯಾಗಿ ಅದನ್ನು ಹತ್ತಲು ಹೋದ ಮುಂಚಕ್ರ ಅಂಚಿಗೆ ಸವರಿಕೊಂಡು ಜಾರುತ್ತದೆ. ಮನೆಯಲ್ಲಿ ಕಾರಿಲ್ಲ, ಬೈಕು ಸ್ಕೂಟರ್ ಮಾತ್ರ ಅನ್ನುವವರಿಗೆ ನಡುವೆ ಮೂರು ಅಡಿ ಅಗಲದ ಒಂದೇ ಪಟ್ಟಿ ಸಾಕು. 100 ಅಡಿ ಉದ್ದ, 4 ಇಂಚು ದಪ್ಪಕ್ಕೆ ಸರಿಯಾಗಿ 100 ಘನ ಅಡಿ ಕಾಂಕ್ರೀಟ್. ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ ಲೆಕ್ಕದಲ್ಲಿ 23 ಚೀಲದಷ್ಟು ಸಿಮೆಂಟ್. ಟ್ರ್ಯಾಕ್ಟರ್ ಹತ್ತುವುದಾದರೆ ಆರು ಇಂಚು ಬೇಕು. ಹತ್ತಡಿಗೊಂದು ಜಾಯಿಂಟ್ ಬಿಡಿಸಿ, ವಾರವಾದರೂ ನೀರುಣಿಸಿ. ಅಡಿಕೆ ತೋಟದ ನೆರಳಿನಲ್ಲಿ ಕಾಂಕ್ರೀಟಿಗೆ ಪಾಚಿ ಹಿಡಿಯುತ್ತದೆ, ಆಗ ಅದು ಜಲ್ಲಿಗಿಂತ ಕೆಟ್ಟದ್ದು. ಮಳೆಗಾಲಕ್ಕೆ ಮುಂಚೆ ಉಜ್ಜಿಸಬೇಕು.

ಪೇವರ್ ಬ್ಲಾಕ್ ನೋಡಲು ಅಂದ, ಕಿತ್ತು ಮತ್ತೆ ಕೂರಿಸಬಹುದು. ಬೈಕು ಕಾರಿಗೆ 60 ಎಂಎಂ, ಟ್ರ್ಯಾಕ್ಟರ್‌ಗೆ 80 ಎಂಎಂ. ಅಂಚಿಗೆ ಕಟ್ಟೆ ಕಟ್ಟಿಸದಿದ್ದರೆ ಬ್ಲಾಕುಗಳು ಹೊರಗೆ ಜರುಗಿ ಬಾಯಿ ಬಿಡುತ್ತವೆ. ಎರೆ ಭೂಮಿಯ ಮೇಲೆ ನಾನಾದರೆ ಹಾಕಿಸುವುದಿಲ್ಲ.

ಚಿತ್ರದುರ್ಗ ಕಡೆಯವರು ಕಲ್ಲು ಚಪ್ಪಡಿಯ ಬೆಲೆಯನ್ನೂ ವಿಚಾರಿಸಬೇಕು. ಏಳು ಸುತ್ತಿನ ಕೋಟೆ ಕಟ್ಟಿದ ಕಲ್ಲಿನ ಊರಿನಲ್ಲಿದ್ದುಕೊಂಡು ಬೇರೆ ಊರಿನ ಟೈಲ್ಸ್ ತರಿಸುವುದೇಕೆ? ಒರಟು ಮುಖ ಮೇಲಿರುವಂತೆ ಚಪ್ಪಡಿ ಹೂತರೆ ಕಾಂಕ್ರೀಟಿನಷ್ಟೇ ಬಾಳುತ್ತದೆ, ಬಿರುಕಿನ ಚಿಂತೆಯಿಲ್ಲ. ನುಣುಪು ಮಾಡಿದ ಗ್ರಾನೈಟ್ ಅಥವಾ ಕಡಪ ಕಲ್ಲು ಮಾತ್ರ ಬೇಡ, ನೀರು ಬಿದ್ದರೆ ಜಾರುತ್ತದೆ.

ಯಾರಿಗೆ ಯಾವುದು

ಇಷ್ಟು ದುಡ್ಡಿಲ್ಲ ಅನ್ನುವವರು ಪೂರ್ತಿ ದಾರಿಯನ್ನು ಬಿಟ್ಟು ಆ ಮೂರು ಜಾಗಕ್ಕೆ ಮಾತ್ರ ಹಾಕಿ. ಹಿರಿಯೂರಿನವರಿಗೆ ನಾನು ಹೇಳಿದ್ದೂ ಇದನ್ನೇ. ಡಾಂಬರಿನ ಬಾಯಲ್ಲಿ ಹತ್ತಡಿ ಕಾಂಕ್ರೀಟ್, ಮನೆ ಮುಂದೆ ನಿಲ್ಲಿಸಲು ಆರು ಚಪ್ಪಡಿ, ತಿರುವಿನಲ್ಲಿ ಪುಡಿ ಹಾಕಿ ಅದುಮಿದ ಜಲ್ಲಿ. ನಡುವಿನ ನೇರ ದಾರಿ ಇದ್ದ ಹಾಗೇ ಇರಲಿ. ಬಾಯಲ್ಲಿ ಕಾಂಕ್ರೀಟ್ ಇದ್ದರೆ ನಿಮ್ಮ ಜಲ್ಲಿ ಚಕ್ರಕ್ಕೆ ಅಂಟಿಕೊಂಡು ರಸ್ತೆಗೆ ಹರಡುವುದೂ ನಿಲ್ಲುತ್ತದೆ. ದಾರಿಹೋಕ ಬೈಕಿನವರು ಬೀಳುವುದು ಆ ಚೆಲ್ಲಿದ ಕಲ್ಲಿನಿಂದ.

ಚನ್ನಗಿರಿಯ ತೋಟಕ್ಕೆ ಪುಡಿ ಹಾಕಿ ಕಟ್ಟಿದ ಜಲ್ಲಿ ಸಾಕು, ಅಪ್ಪಾಜಿಯವರು ಗಾಡಿ ತಿರುಗಿಸುವ ಕಡೆ ಚಪ್ಪಡಿ. ನೆರಳು ದಟ್ಟವಾಗಿರುವುದರಿಂದ ಅಲ್ಲಿ ಪೂರ್ತಿ ಕಾಂಕ್ರೀಟ್ ನಾನು ಹೇಳುವುದಿಲ್ಲ. ಆಮೇಲೂ ಅವರಿಗೆ ಅಳುಕಿದ್ದರೆ ಸ್ಕೂಟರ್ ಮಾರಿ ಎಕ್ಸ್‌ಎಲ್ ತರಬಹುದು.

ಬಾಡಿಗೆ ಮನೆಯವರು ದಾರಿಗೆ ದುಡ್ಡು ಹಾಕುವುದು ಕಷ್ಟ. ಅವರಿಗೆ ಒಳ್ಳೆಯ ಮುಂದಿನ ಟೈರು, ಸ್ಟ್ಯಾಂಡಿಗೊಂದು ಚಪ್ಪಡಿ, ಮತ್ತು ಗಾಡಿ ಹೋಗುವ ಎರಡಡಿ ಅಗಲದಷ್ಟು ಜಲ್ಲಿಯನ್ನು ಸಲಿಕೆಯಿಂದ ಪಕ್ಕಕ್ಕೆ ಸರಿಸಲು ಭಾನುವಾರದ ಒಂದು ಬೆಳಗ್ಗೆ. ಮಾಲೀಕರು ಒಪ್ಪಿದರೆ ಪಿಕಪ್‌ನಲ್ಲಿ ಕ್ರಷರ್ ಪುಡಿ ತರಿಸಿ ಅಲ್ಲಿಗೇ ಬಾಂಡ್ಲಿಯಲ್ಲಿ ಹರಡಿ, ನೀರು ಹೊಡೆಯಿರಿ. ರೋಲರ್ ಕೆಲಸವನ್ನು ನಿಮ್ಮ ಗಾಡಿಯ ಚಕ್ರವೇ ದಿನಾ ಮಾಡುತ್ತದೆ.